ಡಿಸ್ಫೇಜಿಯಾ: ಕತ್ತಿನ ಆಪರೇಷನ್ ಆಗಿ ವರ್ಷಗಳ ಮೇಲೆ ನುಂಗಲು ಕಷ್ಟವಾದರೆ

ಡಿಸ್ಫೇಜಿಯಾ ಅಂದರೆ ನುಂಗಲು ಕಷ್ಟವಾಗುವುದು. ಗ್ರೀಕ್ ಮೂಲದ ಪದ: 'ಡಿಸ್' ಅಂದರೆ ತೊಡಕು, 'ಫೇಜಿಯಾ' ತಿನ್ನುವುದಕ್ಕೆ ಸಂಬಂಧಿಸಿದ್ದು. ಇದು ಕಾಯಿಲೆಯ ಹೆಸರಲ್ಲ, ಲಕ್ಷಣದ ಹೆಸರು. ಕಾರಣ ಹತ್ತಾರು ಇರಬಹುದು. ಅದರಲ್ಲಿ ಒಂದು ಸುಲಭವಾಗಿ ಕಣ್ತಪ್ಪುತ್ತದೆ: ಎಂದೋ ಕತ್ತಿನ ಮೂಳೆಗೆ ಹಾಕಿದ ಪ್ಲೇಟ್ ಮತ್ತು ಸ್ಕ್ರೂ.

ಕತ್ತಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಜಾರಿ ನರ ಒತ್ತಿದಾಗ ಎಸಿಡಿಎಫ್ ಎಂಬ ಆಪರೇಷನ್ ಮಾಡುತ್ತಾರೆ. ಇದರಲ್ಲಿ ಕೊಯ್ಯುವುದು ಹಿಂದಿನಿಂದಲ್ಲ, ಗಂಟಲಿನ ಕಡೆಯಿಂದ. 1950ರ ದಶಕದಲ್ಲಿ ರೂಢಿಗೆ ಬಂದ ದಾರಿ ಇದು. ಶ್ವಾಸನಾಳ, ಅನ್ನನಾಳ ಎರಡನ್ನೂ ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆದು, ಮೇಲಿನ ಕೆಳಗಿನ ಮೂಳೆಗಳು ಒಂದಾಗಿ ಕೂಡಿಕೊಳ್ಳಲಿ ಅಂತ ಆ ಜಾಗದಲ್ಲಿ ಮೂಳೆಯ ತುಂಡು ಅಥವಾ ಕೇಜ್ (ಸಣ್ಣ ಚೌಕಟ್ಟು) ಇಡುತ್ತಾರೆ. ಎಷ್ಟೋ ಸಲ ಅದರ ಮುಂದೆ ಟೈಟಾನಿಯಂ ಪ್ಲೇಟ್ ಕೂರಿಸಿ ಸ್ಕ್ರೂ ಬಿಗಿಯುತ್ತಾರೆ. ಸರಿಸಿದ ಅನ್ನನಾಳ ವಾಪಸ್ ಬಂದು ಆ ಪ್ಲೇಟಿನ ಮುಂದೆಯೇ ಕೂರುತ್ತದೆ. ನಡುವೆ ಇರುವುದು ತೆಳುವಾದ ಪದರವಷ್ಟೇ.

ಆಪರೇಷನ್ ಆದ ಹೊಸದರಲ್ಲಿ ನುಂಗಲು ಕಷ್ಟವಾಗುವುದು ಸಾಮಾನ್ಯ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ತಡವಾಗಿ ಬರುವ ತೊಂದರೆ ಬೇರೆ, ಅದು ಅಪರೂಪ. ಮೂಳೆ ಸರಿಯಾಗಿ ಕೂಡಿಕೊಳ್ಳದಿದ್ದರೆ, ಅಥವಾ ಮೂಳೆ ಟೊಳ್ಳಾಗಿದ್ದರೆ, ಸ್ಕ್ರೂ ನಿಧಾನವಾಗಿ ಸಡಿಲವಾಗಿ ಮುಂದಕ್ಕೆ ಬರುತ್ತದೆ. ಅನ್ನನಾಳಕ್ಕೆ ಉಜ್ಜುತ್ತಾ ಉಜ್ಜುತ್ತಾ ತೂತು ಮಾಡಬಹುದು. 10 ವರ್ಷ ಕಳೆದ ಮೇಲೆ ಹೀಗಾದದ್ದೂ ಇದೆ. ಸ್ಕ್ರೂ ಅನ್ನನಾಳದೊಳಕ್ಕೆ ಜಾರಿ ಮಲದಲ್ಲಿ ಹೊರಬಂದ ಪ್ರಕರಣಗಳೂ ವೈದ್ಯಕೀಯ ದಾಖಲೆಗಳಲ್ಲಿವೆ.

ಶುರುವಾಗುವುದು ಮಾತ್ರ ತುಂಬಾ ಸಣ್ಣದಾಗಿ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಅಲ್ವಾ? ಆ ತುತ್ತು ಒಂದು ಕಡೆ ನಿಂತ ಹಾಗೆ ಅನ್ನಿಸುತ್ತದೆ. ಚಪಾತಿ ಬಿಟ್ಟು ಸಾರನ್ನ ಸಾಕು ಅನ್ನುತ್ತೇವೆ. ಊಟದ ನಡುವೆ ಕೆಮ್ಮು, ದನಿಯಲ್ಲಿ ಬದಲಾವಣೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ನುಂಗಿ ಸುಮ್ನಾಗುತ್ತೇವೆ. ಹೊಟ್ಟೆಯ ಡಾಕ್ಟರ್ ಹತ್ತಿರವೋ ಇಎನ್‌ಟಿ ಹತ್ತಿರವೋ ಹೋದಾಗ ಹಳೇ ಆಪರೇಷನ್ ನೆನಪಿಗೇ ಬರುವುದಿಲ್ಲ. ಗಾಯದ ಗುರುತು ಕತ್ತಿನ ಮಡಿಕೆಯಲ್ಲಿ ಸೇರಿಹೋಗಿರುತ್ತದೆ, ಡಾಕ್ಟರಿಗೂ ಕಾಣದೇ ಇರಬಹುದು. ಹಾಗಾಗಿ ಮೊದಲ ಮಾತಲ್ಲೇ ಹೇಳಿಬಿಡಿ: "ನನ್ನ ಕತ್ತಿನಲ್ಲಿ ಪ್ಲೇಟ್ ಇದೆ."

ಕತ್ತಿನ ಎಕ್ಸ್‌ರೇಯನ್ನು ಪಕ್ಕದಿಂದ ತೆಗೆದರೆ ಮುಂದೆ ಬಂದ ಸ್ಕ್ರೂ ಎಷ್ಟೋ ಸಲ ಕಾಣುತ್ತದೆ. ಸಿಟಿ ಸ್ಕ್ಯಾನ್, ಎಂಡೋಸ್ಕೋಪಿ, ಚಿತ್ರದಲ್ಲಿ ಎದ್ದು ಕಾಣುವ ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಕೂಡ ಬೇಕಾಗಬಹುದು. ಸಣ್ಣ ತೂತು ಎಂಡೋಸ್ಕೋಪಿಯಲ್ಲಿ ಕಾಣದೆಯೂ ಹೋಗಬಹುದು. ಜ್ವರ, ಕತ್ತಿನಲ್ಲಿ ಊತ, ನುಂಗುವಾಗ ಜೋರು ನೋವು, ಚರ್ಮ ಒತ್ತಿದರೆ ಚರಚರ ಅನ್ನುವುದು, ಇವಿದ್ದರೆ ಮಾರನೇ ದಿನಕ್ಕೆ ಕಾಯಬೇಡಿ. ಸೋಂಕು ಎದೆಗೆ ಇಳಿದರೆ ಜೀವಕ್ಕೇ ಅಪಾಯ.

ಮೂಳೆ ಅಷ್ಟರಲ್ಲಿ ಕೂಡಿಕೊಂಡಿದ್ದರೆ ಪ್ಲೇಟಿನ ಕೆಲಸ ಮುಗಿದಿರುತ್ತದೆ, ತೆಗೆದುಬಿಡಬಹುದು. ತೂತಿದ್ದರೆ ಹೊಲಿದು, ಕತ್ತಿನ ಪಕ್ಕದ ಸ್ನಾಯುವಿನ ಒಂದು ಭಾಗವನ್ನು ಅದರ ಮೇಲೆ ಹೊದಿಸುವುದೂ ಉಂಟು. ಅದು ಮಾಯುವ ತನಕ ಊಟವೆಲ್ಲಾ ಟ್ಯೂಬಿನಲ್ಲಿ.