ಗಾಜಿನ ಕೋಣೆಗೆ ಗಾಜಿನ ಚಾವಣಿ ಬೇಕೇ?

ಪ್ರಶ್ನೆ: ಬೆಂಗಳೂರಿನ ನಮ್ಮ ಮನೆಯ ಹಿಂದೆ ಹತ್ತಡಿ ಅಗಲದ ಖಾಲಿ ಜಾಗವಿದೆ. ಗಿಡಗಳನ್ನಿಟ್ಟು, ಕೂತು ಕಾಫಿ ಕುಡಿಯಲು ಅಲ್ಲೊಂದು ಗಾಜಿನ ಕೋಣೆ ಮಾಡಿಸಬೇಕೆಂದಿದ್ದೇವೆ. ಮೇಲೆ ಗಾಜು ಹಾಕಿಸೋದಾ, ಪಾಲಿಕಾರ್ಬೊನೇಟ್ ಶೀಟಾ? ಬಾಗಿಲು ಸ್ಲೈಡಿಂಗಾ, ಮಡಚುವುದಾ?

ಉತ್ತರ: ಗಾಜು ಪಕ್ಕಕ್ಕಿರಲಿ, ತಲೆಯ ಮೇಲೆ ನೆರಳಿರಲಿ.

ಮನೆಗೆ ಅಂಟಿದ ಇಂಥ ಕೋಣೆ ಬ್ರಿಟನ್ನಿನಲ್ಲಿ ಮನೆಮಾತು. ಲಂಡನ್ ಇರುವುದು 51 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ ಮಧ್ಯಾಹ್ನದಲ್ಲೂ ಸೂರ್ಯ ಅಲ್ಲಿ 15 ಡಿಗ್ರಿಯಷ್ಟೇ ಮೇಲೇರುತ್ತಾನೆ, ಹಾಗಾಗಿ ಸಿಕ್ಕ ಬಿಸಿಲನ್ನೆಲ್ಲ ಅವರು ಹಿಡಿದಿಟ್ಟುಕೊಳ್ಳುತ್ತಾರೆ. ಬೆಂಗಳೂರು 13 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೇ ವಾರ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ. ಮೇಲೆಲ್ಲ ಗಾಜಿದ್ದರೆ ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ನಂತರ ಆ ಕೋಣೆಯಲ್ಲಿ ಕೂರಲಾಗದು. ಲಾಲ್‌ಬಾಗ್‌ನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಇದೆಯಲ್ಲ ಎನ್ನಬಹುದು. ಅದರ ಎತ್ತರ ನೋಡಿ, ಸುತ್ತಲೂ ಗಾಳಿಯಾಡುವ ಹಾಗೆ ತೆರೆದಿರುವುದನ್ನೂ ನೋಡಿ.

ಹಾಗಾದರೆ ಮೇಲೆ ಏನು? ಮಂಗಳೂರು ಹೆಂಚು ನನಗೆ ಅಚ್ಚುಮೆಚ್ಚು. ಆದರೆ ಹತ್ತಡಿಗೆ ಅದು ಐದಾರು ಅಡಿ ಇಳಿಜಾರು ಕೇಳುತ್ತದೆ, ಮಹಡಿ ಮನೆಯಲ್ಲಿ ಅಷ್ಟರೊಳಗೆ ಮೇಲಿನ ಕಿಟಕಿ ಅಡ್ಡ ಬರುತ್ತದೆ. ಆಗ ಪಫ್ ಪ್ಯಾನೆಲ್ (ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆ) ಹಾಕಿಸಿ, ಅದಕ್ಕೆ ಒಂದಡಿ ಇಳಿಜಾರು ಸಾಕು. ಬಿಸಿಲೂ ಇಳಿಯುವುದಿಲ್ಲ, ಬರೀ ತಗಡಿನ ಹಾಗೆ ಮಳೆಗೆ ಕಿವಿಗಡಚಿಕ್ಕುವ ಸದ್ದೂ ಇಲ್ಲ.

ಗಿಡಗಳಿಗೆ ಬೆಳಕು ಬೇಕಲ್ಲ, ಅವುಗಳ ಮೇಲೆ ಮಾತ್ರ ಹಾಲುಬಣ್ಣದ, ಒಳಗೆ ಟೊಳ್ಳು ಕೊಳವೆಗಳಿರುವ ಪಾಲಿಕಾರ್ಬೊನೇಟಿನ ಒಂದು ಪಟ್ಟಿ ಹಾಕಿಸಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಫಿಟ್ಟಿಂಗ್ ದಿನ ಎದುರಿಗೇ ನಿಂತಿರಿ. ಬಿಸಿಲಿನ ನೇರಳಾತೀತ ಕಿರಣಗಳಿಂದ ಶೀಟನ್ನು ಕಾಯುವ ಯುವಿ ಲೇಪನ ಸಾಮಾನ್ಯವಾಗಿ ಒಂದೇ ಬದಿಗಿರುತ್ತದೆ. ಅಕ್ಷರವಿರುವ ಪ್ಲಾಸ್ಟಿಕ್ ಹಾಳೆ ಕೀಳುವ ಮೊದಲೇ ಯಾವುದು ಮೇಲ್ಮುಖ ಎಂದು ಓದಿಕೊಳ್ಳಿ. ಉಲ್ಟಾ ಕೂರಿಸಿದ ಶೀಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪೆಡಸಾಗುತ್ತದೆ. ಶೀಟಿನ ಒಳಗಿನ ಕೊಳವೆಗಳು ಇಳಿಜಾರಿನ ಗುಂಟ ಸಾಗಬೇಕು. ಮೇಲಿನ ಅಂಚನ್ನು ಅಲ್ಯೂಮಿನಿಯಂ ಟೇಪಿನಿಂದ ಪೂರ್ತಿ ಮುಚ್ಚಿ, ಕೆಳಗಿನ ಅಂಚಿಗೆ ಸಣ್ಣ ತೂತುಗಳಿರುವ ಟೇಪು ಹಾಕಬೇಕು, ಇಲ್ಲದಿದ್ದರೆ ಒಳಗೆ ನಿಂತ ತೇವಕ್ಕೆ ಪಾಚಿ ಕಟ್ಟುತ್ತದೆ. ಮೂರು ಮೀಟರ್ ಶೀಟಿನ ಬಿಸಿ 40 ಡಿಗ್ರಿಯಷ್ಟು ಹೆಚ್ಚಿದರೆ ಅದು ಏಳೆಂಟು ಮಿಲಿಮೀಟರ್ ಹಿಗ್ಗುತ್ತದೆ. ಆದ್ದರಿಂದ ಸ್ಕ್ರೂಗಿಂತ ತೂತು ದೊಡ್ಡದಿರಲಿ, ವಾಷರ್ ಹಾಕಿ ಹದವಾಗಿ ಬಿಗಿಸಲಿ.

ಮೇಲೆ ಗಾಜೇ ಬೇಕೆಂದರೆ ಲ್ಯಾಮಿನೇಟೆಡ್ ಗಾಜು ಮಾತ್ರ, ಅದರ ಎರಡು ಗಾಜುಗಳ ನಡುವಿನ ಪ್ಲಾಸ್ಟಿಕ್ ಪದರ ಒಡೆದ ಚೂರುಗಳನ್ನು ಹಿಡಿದಿಡುತ್ತದೆ. ಬರೀ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಒಡೆದರೆ ಚೂರುಗಳೆಲ್ಲ ತಲೆಯ ಮೇಲೆ. ಪಕ್ಕದಲ್ಲಿ ತೆಂಗಿನ ಮರವಿದ್ದರಂತೂ ಆ ಯೋಚನೆಯನ್ನೇ ಬಿಡಿ.

ಬಾಗಿಲಿಗೆ ನನ್ನ ಮತ ಸ್ಲೈಡಿಂಗ್‌ಗೆ. ಮಡಚುವ ಬಾಗಿಲು ಪೂರ್ತಿ ತೆರೆಯುತ್ತದೆ, ನೋಡಲೂ ಚೆಂದ. ಆದರೆ ಮೇಲಿಂದ ತೂಗುವ ಬಾಗಿಲಾದರೆ ಭಾರವೆಲ್ಲ ಮೇಲಿನ ಬೀಮಿಗೆ. ಅದು ಚೂರು ಬಾಗಿದರೂ ಬಾಗಿಲು ಹಿಡಿದುಕೊಳ್ಳುತ್ತದೆ. ಸಂಜೆಯ ಸೊಳ್ಳೆಗೂ ಉತ್ತರ ಬೇಕು. ಮೂರು ಟ್ರ್ಯಾಕಿನಲ್ಲಿ ಎರಡು ಗಾಜು, ಒಂದು ಮೆಶ್ ಇಟ್ಟರೆ ಅರ್ಧದಷ್ಟು ಜಾಗ ಗಾಳಿಗೆ ಸಿಗುತ್ತದೆ. ಬಿಸಿಗಾಳಿ ಹೊರಹೋಗಲು ಎದುರು ಗೋಡೆಯಲ್ಲಿ, ಚಾವಣಿಗೆ ತಾಗಿದಂತೆ ಮೇಲೆಯೇ ವೆಂಟಿಲೇಟರ್ ಕೊಡಿ. ಇದನ್ನು ಮಾತ್ರ ಖರ್ಚು ಉಳಿಸಲೆಂದು ಕೈಬಿಡಬೇಡಿ. ಚೌಕಟ್ಟು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಅಲ್ಯೂಮಿನಿಯಂನಷ್ಟು ಬಿಸಿ ಒಳಗೆ ದಾಟಿಸದು. ಹೊರಗಿನ ನೆಲ ಒಳಗಿನದಕ್ಕಿಂತ ತಗ್ಗಿರಲಿ, ಟ್ರ್ಯಾಕಿನಿಂದ ನೀರು ಹೋಗುವ ತೂತುಗಳು ಸಿಮೆಂಟಿನಲ್ಲಿ ಮುಚ್ಚಿಹೋಗದಿರಲಿ.

ಅಂದಹಾಗೆ, ನೀವು ಹೇಳುವ ಜಾಗ ಸೆಟ್‌ಬ್ಯಾಕ್, ಅಂದರೆ ನಿಯಮದ ಪ್ರಕಾರ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ, ಆಗಿರಬಹುದು. ಮುಂಗಡ ಕೊಡುವ ಮೊದಲು ನಿಯಮ ವಿಚಾರಿಸಿಕೊಳ್ಳಿ.

ಹಳೇ ಗೋಡೆಗೆ ಚಾವಣಿ ಸೇರುವಲ್ಲಿ ಬರೀ ಸಿಲಿಕೋನ್ ಬಳಿದು ಮುಗಿಸಲು ಬಿಡಬೇಡಿ. ಗೋಡೆಯಲ್ಲಿ ಉದ್ದಕ್ಕೆ ಗೀರು ಕೊರೆದು, ಫ್ಲ್ಯಾಶಿಂಗನ್ನು (ಸಂದಿಗೆ ನೀರಿಳಿಯದಂತೆ ತಡೆಯುವ ತಗಡಿನ ಪಟ್ಟಿ) ಒಳಗೆ ಮಡಚಿ ಕೂರಿಸಬೇಕು. ಕೊನೆಯ ಕಂತಿನ ಹಣ ಕೊಡುವ ಮೊದಲು ಆ ಜಾಗಕ್ಕೆ ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಟ್ಟು ನೋಡಿ.