ಬೆಟ್ಟ ಅಗೆದು ಇಲಿ ಹಿಡಿದವರು

ಪುರಾತತ್ವದವರನ್ನು ಕಂಡರೆ ‘ಬೆಟ್ಟ ಅಗೆದು ಇಲಿ ಹಿಡಿದರು’ ಎಂದು ಛೇಡಿಸುವವರು ಇದ್ದೇ ಇರುತ್ತಾರೆ. ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ಮಟ್ಟಿಗೆ ಇದು ಬೈಗುಳವೇ ಅಲ್ಲ. ಅಲ್ಲಿ ಇಲಿಯ ಸುಳಿವು ಸಿಕ್ಕಿದರೆ, ಜನ ಯಾವಾಗ ಬಂದು ನೆಲೆಸಿದರು ಎಂದು ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ನಮ್ಮ ಹಳೆಯ ಗೋಳು ಇದ್ದಿಲಿನದು. ಒಲೆಯ ಗುಂಡಿ ಸಿಕ್ಕ ಕೂಡಲೇ ಇದ್ದಿಲು ಹೆಕ್ಕಿ ಕಾರ್ಬನ್ ಪರೀಕ್ಷೆಗೆ ಕಳಿಸುತ್ತೇವೆ. ಆದರೆ ಪರೀಕ್ಷೆ ಹೇಳುವುದು ಮರದ ಆ ಭಾಗ ಬೆಳೆದ ಕಾಲವನ್ನು, ಒಲೆ ಉರಿದ ದಿನವನ್ನಲ್ಲ. 300 ವರ್ಷದ ಮರದ ತಿರುಳನ್ನು ಸುಟ್ಟಿದ್ದರೆ ಲೆಕ್ಕವೂ ಅಷ್ಟೇ ಹಿಂದಕ್ಕೆ ಜಾರುತ್ತದೆ. ಕಡಲಲ್ಲಿ ತೇಲಿಬಂದ ದಿಮ್ಮಿಯಾದರೆ ಕೇಳೋದೇ ಬೇಡ. ಹೀಗೆ ಎಷ್ಟೋ ದ್ವೀಪಗಳಿಗೆ ಜನ ಬಂದ ಕಾಲ ಸುಮ್ನೆ ಹಿಂದಕ್ಕೆ ಹೋಗಿ ಕೂತಿತ್ತು.

ನ್ಯೂಜಿಲೆಂಡಿನಲ್ಲಿ ಈ ಗಂಟು ಬಿಡಿಸಿದ್ದು ಇಲಿಯೇ. ಮಾವೊರಿ ಜನ ಕಿಯೊರೆ ಎನ್ನುವ ಈ ಪುಟ್ಟ ಇಲಿ ಸಾಗರ ಈಜಲಾರದು. ಬಂದದ್ದು ಮನುಷ್ಯರ ದೋಣಿಯಲ್ಲಿ. ಅದು ಕಡಿದ ಬೀಜಗಳು ಜೌಗು ಮಣ್ಣಿನಲ್ಲಿ ಉಳಿದಿವೆ. ಬೀಜ ಒಂದು ವರ್ಷದ ಬೆಳೆ, ಮರದಂತೆ ಮೋಸ ಮಾಡುವುದಿಲ್ಲ. ಹಲ್ಲಿನ ಗುರುತಿರುವ ಬೀಜಗಳು ಶುರುವಾಗುವುದು ಸುಮಾರು 1280ರಿಂದ.

2011ರಲ್ಲಿ ಪೂರ್ವ ಪಾಲಿನೇಷ್ಯಾದ 1,434 ಕಾರ್ಬನ್ ಲೆಕ್ಕಗಳನ್ನು ಜರಡಿ ಹಿಡಿದರು. ನಂಬಬಹುದಾದವು ಹೇಳಿದ ಕತೆ ಇದು: ಟಹೀಟಿ ಇರುವ ಸೊಸೈಟಿ ದ್ವೀಪಗಳಿಗೆ ಜನ ಬಂದದ್ದು 1025–1120ರ ನಡುವೆ. ಹವಾಯಿ, ರಾಪಾ ನುಯಿ (ಈಸ್ಟರ್ ದ್ವೀಪ), ನ್ಯೂಜಿಲೆಂಡ್ ಎಲ್ಲ 1190–1290ರ ಒಂದೇ ಶತಮಾನದಲ್ಲಿ. ಆದರೆ ಪಶ್ಚಿಮಕ್ಕಿರುವ ಟೊಂಗಾ, ಸಮೋವಾ ದ್ವೀಪಗಳನ್ನು ತಲುಪಿ ಆಗಲೇ ಹತ್ತಿರ ಹತ್ತಿರ 2,000 ವರ್ಷ ಆಗಿತ್ತು! ಅಷ್ಟು ಕಾಲ ಯಾಕೆ ನಿಂತರು? ಗಾಳಿಯ ದಿಕ್ಕು ಎನ್ನುವವರಿದ್ದಾರೆ, ಜೋಡಿ ದೋಣಿಯ ತಂತ್ರ ಎನ್ನುವವರೂ ಇದ್ದಾರೆ. ಆ ಜಗಳ ಇನ್ನೊಮ್ಮೆ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಬೇರೆ. ಜನ ಬಂದ ಕಾಲ ಇತ್ತೀಚಿನದಾದರೆ, ಆಮೇಲಿನದೆಲ್ಲ ಬಹಳ ಬೇಗ ನಡೆದಿರಬೇಕು ಅಲ್ವಾ? ಹವಾಯಿಯ ಮಾವಿ ದ್ವೀಪದಲ್ಲಿ ಹೆಯಾವು ಎಂಬ ಕಲ್ಲಿನ ಗುಡಿಗಳಿವೆ. ಅವುಗಳಲ್ಲಿ ಹವಳದ ಕೊಂಬೆಗಳನ್ನು ಕಾಣಿಕೆಯಾಗಿ ಇಟ್ಟಿದ್ದರು. ತುದಿ ಸವೆದಿಲ್ಲ, ಅಂದರೆ ಜೀವಂತ ಹವಳವನ್ನೇ ಕಿತ್ತು ತಂದದ್ದು. ಯುರೇನಿಯಂ–ಥೋರಿಯಂ ವಿಧಾನದಲ್ಲಿ ಇಂಥ ಹವಳದ ವಯಸ್ಸು ಕೆಲವೇ ವರ್ಷಗಳ ಹೆಚ್ಚುಕಮ್ಮಿಯಲ್ಲಿ ಸಿಗುತ್ತದೆ. ಮೊದಲು ಹೀಗೆ ಪರೀಕ್ಷಿಸಿದಾಗ ಸಿಕ್ಕ ಉತ್ತರ: ಆ ಗುಡಿಗಳು ಸುಮಾರು 1580ರಿಂದ 1640ರೊಳಗೆ ಎದ್ದವು. ಅರವತ್ತೇ ವರ್ಷ! ಊರ ಮುಖಂಡ ದೊರೆಯಾಗಿ, ದೇವರ ಹೆಸರಲ್ಲಿ ಬೆಳೆಯ ಪಾಲು ಎತ್ತುವ ವ್ಯವಸ್ಥೆ ಎರಡು ತಲೆಮಾರಿನಲ್ಲಿ ಗಟ್ಟಿಯಾಯಿತು ಎಂದು ಓದಲು ಇದು ಸಾಕು.

ಎಲ್ಲ ಕಡೆ ಹೀಗೆ ಆಗಲಿಲ್ಲ. ಕುಕ್ ದ್ವೀಪಗಳ ಮಂಗಾಯಿಯಾ ಚಿಕ್ಕದು, ಗುಡ್ಡದ ಮಣ್ಣು ಬರಡು. ಕೆಸುವು ಬೆಳೆಯುವ ಕಣಿವೆಯ ಗದ್ದೆಗಳಿಗಾಗಿಯೇ ಯುದ್ಧ. ಗೆದ್ದವರು ಗದ್ದೆ ಹಂಚಿಕೊಳ್ಳುತ್ತಿದ್ದರು. ಅಲ್ಲಿನ ಟಂಗಟಟಾವು ಬಂಡೆಯಾಸರೆಯನ್ನು ಪದರ ಪದರವಾಗಿ ಅಗೆದಾಗ ಕೆಳಗೆ ಹಕ್ಕಿಗಳ ಮೂಳೆ ಬೇಕಾದಷ್ಟು. ಮೇಲೆ ಬಂದಂತೆ ಅವು ಕಮ್ಮಿ. ಹಂದಿಯೂ ಮಾಯ. ಮನುಷ್ಯ ತಿನ್ನುವ ಗೆಡ್ಡೆಯನ್ನೇ ತಿನ್ನುವ ಪ್ರಾಣಿಯನ್ನು ಸಾಕುವುದು ಗಿಟ್ಟಲಿಲ್ಲ. ಉಳಿದದ್ದು ಇಲಿಯ ಮೂಳೆ. ಊಟಕ್ಕೆ ಅದೇ. ರುಚಿಯಾದದ್ದನ್ನು ಹೊಗಳಲು ‘ಇಲಿಯಷ್ಟು ಸವಿ’ ಎನ್ನುವ ಮಾತು ಆ ದ್ವೀಪದಲ್ಲಿತ್ತು.