ಓದಿದ ಸಂದೇಶ ಅಳಿಯಬೇಕೋ, ಉಳಿಯಬೇಕೋ?

ಹೊಸ ಅಪ್ಲಿಕೇಶನ್ ಕಟ್ಟಲು ಕೂತ ತಂಡಗಳಲ್ಲಿ ‘ಕಾಫ್ಕಾ ಹಾಕಿಬಿಡೋಣ’ ಎಂಬ ಮಾತು ಬಹಳ ಬೇಗ ಬರುತ್ತದೆ. ಅಪ್ಲಿಕೇಶನ್ನಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶ, ಅಂದರೆ ಮಾಡಬೇಕಾದ ಕೆಲಸದ ಅಥವಾ ನಡೆದ ಘಟನೆಯ ವಿವರ, ಸಾಗಿಸುವ ತಂತ್ರಾಂಶ ಅದು. ದೊಡ್ಡ ಕಂಪನಿಗಳು ಬಳಸುತ್ತವೆ, ವೇಗವಾಗಿದೆ ಎಂಬುದು ಕಾರಣ. ಅಷ್ಟು ಸಾಲದು. ಮೊದಲು ಕೇಳಿಕೊಳ್ಳಬೇಕಾದದ್ದು, ಕೆಲಸ ಮುಗಿದ ಮೇಲೆ ಸಂದೇಶ ಅಳಿಯಬೇಕೋ ಉಳಿಯಬೇಕೋ ಎಂದು.

ರ‍್ಯಾಬಿಟ್‌ಎಂಕ್ಯೂ ಎಂಬ ಇಂಥದೇ ತಂತ್ರಾಂಶ 2007ರಲ್ಲಿ ಬಂತು. ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜುಗಳಿಗಾಗಿ ರೂಪಿಸಿದ ಎರ್ಲಾಂಗ್ ಭಾಷೆಯಲ್ಲಿ ಬರೆದದ್ದು. ಅದರ ಬೆನ್ನೆಲುಬಾದ ಎಎಂಕ್ಯೂಪಿ ಎಂಬ ಸಂದೇಶ ವಿನಿಮಯದ ನಿಯಮಾವಳಿ ಹುಟ್ಟಿದ್ದು ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನಲ್ಲಿ, 2003ರಲ್ಲಿ. ಇಲ್ಲಿನ ಸಾಮಾನ್ಯ ಕ್ಯೂನಲ್ಲಿ, ಅಂದರೆ ಸಂದೇಶಗಳ ಸರತಿ ಸಾಲಿನಲ್ಲಿ, ಕೆಲಸ ಮಾಡಿದ ಪ್ರೋಗ್ರಾಂ ‘ಆಯ್ತು’ ಎಂದು ಆ್ಯಕ್ ಕಳಿಸಿದೊಡನೆ ಸಂದೇಶ ಅಳಿಯುತ್ತದೆ. ಇಮೇಲ್ ಕಳಿಸುವುದು, ಫೋಟೊ ಕುಗ್ಗಿಸುವುದು ಇಂಥವಕ್ಕೆ ಇದೇ ಸಾಕು. ಅಮೆಜಾನ್‌ನ ಎಸ್‌ಕ್ಯೂಎಸ್ ಎಂಬ ಕ್ಯೂ ಸೇವೆ ಕೂಡ ಆದೀತು.

ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಓಪನ್ ಸೋರ್ಸ್ ಆದ ಕಾಫ್ಕಾ ಅಂಗಡಿಯ ಲೆಕ್ಕದ ಪುಸ್ತಕದಂತೆ. ಬರೆದದ್ದು ಓದಿದ ಮಾತ್ರಕ್ಕೆ ಅಳಿಯದು. ಎಲ್ಲಿಯವರೆಗೆ ಓದಿದ್ದೇವೆ ಎಂಬ ಗುರುತನ್ನು ಓದುವವರೇ ಮುಂದೆ ಸರಿಸುತ್ತಾರೆ. ನಾವು ಬದಲಿಸದಿದ್ದರೆ 7 ದಿನ ಉಳಿಯುತ್ತದೆ. ಇಂದು ಸೇರಿಸಿದ ವಂಚನೆ ಪತ್ತೆ ಸೇವೆ ಕಳೆದ ವಾರದ ಪಾವತಿಗಳನ್ನೂ ಓದಬಲ್ಲದು. ನನಗೆ ಕಾಫ್ಕಾದಲ್ಲಿ ನಿಜಕ್ಕೂ ಸೊಗಸೆನಿಸುವುದು ಇದೇ. ಆದರೆ ಕಾಫ್ಕಾ ಸಂದೇಶಗಳನ್ನು ಪಾರ್ಟಿಶನ್ ಎಂಬ ಭಾಗಗಳಾಗಿ ಹಂಚುತ್ತದೆ; ಬರೆದ ಕ್ರಮದಲ್ಲೇ ಓದಲು ಸಿಗುವುದು ಒಂದೊಂದು ಪಾರ್ಟಿಶನ್ ಒಳಗಷ್ಟೇ ಖಾತ್ರಿ.

ಯಾವುದನ್ನೇ ಆರಿಸಿ, ‘ಒಂದೇ ಒಂದು ಸಲ ತಲುಪಿಸುತ್ತದೆ’ ಎಂದು ಮಾತ್ರ ನಂಬಬೇಡಿ. ಸೇವೆಯೊಂದು ಗ್ರಾಹಕರ ಕಾರ್ಡಿನಿಂದ ಹಣ ಕಡಿತ ಮಾಡಿತು, ಆ್ಯಕ್ ಕಳಿಸುವ ಮೊದಲೇ ಕುಸಿಯಿತು ಎನ್ನಿ. ಕೆಲಸ ಆಗಿದೆಯೋ ಇಲ್ಲವೋ ಎಂದು ಕ್ಯೂಗೆ ತಿಳಿಯುವ ದಾರಿಯೇ ಇಲ್ಲ. ಮತ್ತೆ ಕಳಿಸಿದರೆ ಎರಡು ಸಲ ಕಡಿತ; ಕಳಿಸದಿದ್ದರೆ, ಕಡಿತಕ್ಕೂ ಮೊದಲೇ ಕುಸಿದಿದ್ದ ಪಕ್ಷದಲ್ಲಿ, ಆರ್ಡರೇ ಮಾಯ. ಕುಸಿಯುವುದೂ ಬೇಡ: ಎಸ್‌ಕ್ಯೂಎಸ್ ಒಬ್ಬರಿಗೆ ಕೊಟ್ಟ ಸಂದೇಶವನ್ನು ಉಳಿದವರಿಂದ ಮರೆಮಾಡುವುದು, ನಾವು ಬದಲಿಸದಿದ್ದರೆ, 30 ಸೆಕೆಂಡು ಮಾತ್ರ. ನಿಮ್ಮ ಪಿಡಿಎಫ್ ತಯಾರಾಗಲು 40 ಸೆಕೆಂಡು ಹಿಡಿದರೆ ಅದೇ ಸಂದೇಶ ಇನ್ನೊಬ್ಬರ ಕೈಸೇರಬಹುದು. ನೆಚ್ಚಲಾಗದ ದಾರಿಯಲ್ಲಿ ಮಾತಾಡುವ ಇಬ್ಬರು ಖಚಿತ ಒಮ್ಮತಕ್ಕೆ ಬರಲಾರರು ಎಂಬುದನ್ನು ಅಕ್ಕೊಯುನ್ಲು, ಏಕನಾಥಂ, ಹ್ಯೂಬರ್ ಎಂಬ ಸಂಶೋಧಕರು 1975ರಲ್ಲೇ ತೋರಿಸಿದ್ದರು. ಕಾಫ್ಕಾ 2017ರಲ್ಲಿ ತಂದ ‘ಎಕ್ಸಾಕ್ಟ್ಲಿ ಒನ್ಸ್’ (ಒಂದೇ ಒಂದು ಸಲ) ಖಾತ್ರಿ ಕಾಫ್ಕಾದಿಂದ ಓದಿ ಕಾಫ್ಕಾಗೇ ಬರೆಯುವಾಗ ಸರಿ. ಹೊರಗಿನ ಬ್ಯಾಂಕಿಗೆ ಅದರ ಹಂಗಿಲ್ಲ.

ಆದ್ದರಿಂದ ಆರ್ಡರ್ ಸಂಖ್ಯೆಯನ್ನು ನಿಮ್ಮ ಡೇಟಾಬೇಸಿನಲ್ಲಿ ಯೂನಿಕ್ (ಎರಡನೆಯ ಸಲ ಬರೆಯಲಾಗದ್ದು) ಎಂದು ಗೊತ್ತುಮಾಡಿ, ಕೆಲಸ ಮತ್ತು ಆ ಸಂಖ್ಯೆ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ: ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಪಾವತಿ ಗೇಟ್‌ವೇಗೂ ಪ್ರತಿ ಸಲ ಅದೇ ಸಂಖ್ಯೆಯನ್ನು ಗುರುತಿನ ಕೀಯಾಗಿ ಕಳಿಸಿ, ಎರಡನೆಯ ಕೋರಿಕೆಯನ್ನು ಅದು ಗುರುತಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.